ಮೂರು ಹಳೇ ಡೆಸ್ಕ್‌ಟಾಪ್, ಒಂದು ಕುಬರ್ನೆಟೀಸ್ ಕ್ಲಸ್ಟರ್: ಮಂಡ್ಯದ ನಮ್ಮ ಆಫೀಸಿನಲ್ಲಿ ಕಟ್ಟಿದ ಬಗೆ

ಕಳೆದ ವರ್ಷ ಭರಣಿ ಮಳೆಯ ಮೊದಲ ಗುಡುಗಿಗೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಮಂಡ್ಯದ ನೂರಡಿ ರಸ್ತೆಯ ಹಿಂಬದಿಯಲ್ಲಿ ಒಂದು ಮಹಡಿ ಕೋಣೆ ನಮ್ಮ ಆಫೀಸು. ಬೆಲ್ಲದ ಮಂಡಿಗಳಿಗೆ ತೂಕದ ಚೀಟಿ, ಹರಾಜಿನ ದರ, ರೈತರಿಗೆ ಸಲ್ಲಬೇಕಾದ ಹಣದ ಲೆಕ್ಕ, ಇಷ್ಟನ್ನು ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಹಲವು ಯಂತ್ರಗಳಲ್ಲಿ ತಂತ್ರಾಂಶ ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಬಳಸಿ, ಮೂರು ಸರ್ವರ್ ಸೇರಿಸಿ ಕ್ಲಸ್ಟರ್ ಮಾಡಿದ್ದೆವು. ಒಂದು ಕೆಟ್ಟರೆ ಉಳಿದೆರಡು ಕೆಲಸ ಎತ್ತಿಕೊಳ್ಳುತ್ತವೆ ಎಂದು ಮಂಡಿಯವರಿಗೆ ಮಾತು ಕೊಟ್ಟೂ ಆಗಿತ್ತು. ಹತ್ತು ನಿಮಿಷಕ್ಕೆ ಫೋನ್ ಬಂತು: "ಗಾಡಿಗಳು ಸಾಲಾಗಿ ನಿಂತವೆ ಕಣಪ್ಪ, ತೂಕದ ಚೀಟಿನೇ ಈಚೆಗೆ ಬರ್ತಿಲ್ಲ. ರೈತರಿಗೆ ಏನಂತ ಹೇಳ್ಲಿ?"

ಮೂರೂ ಸರ್ವರ್ ಒಟ್ಟಿಗೆ ಮಲಗಿದ್ದವು. ಮೂರಕ್ಕೂ ಒಂದೇ ಯುಪಿಎಸ್, ಅದರ ಬ್ಯಾಟರಿ ಕೈಕೊಟ್ಟಿತ್ತು. ಕರೆಂಟ್ ಬಂದ ಮೇಲೂ ಕ್ಲಸ್ಟರ್ ಏಳಲಿಲ್ಲ. ಒಂದು ಯಂತ್ರದ ಐಪಿ ವಿಳಾಸ ಬದಲಾಗಿತ್ತು, ಇನ್ನೊಂದರ ಗಡಿಯಾರ ಹಿಂದಕ್ಕೆ ಹೋಗಿತ್ತು. ಸರಿಯಾಗಿ ನಿಂತಿದ್ದದ್ದು ಒಂದೇ ಒಂದು, ಅದೊಂದರಿಂದ ಏನೂ ಆಗುವಂತಿರಲಿಲ್ಲ.

ಆಮೇಲೆ ಎಲ್ಲವನ್ನೂ ಬಿಚ್ಚಿ ಮೊದಲಿಂದ ಕಟ್ಟಿದೆವು. ಇಲ್ಲಿ ಬರೆದಿರುವುದು ಆ ಎರಡನೇ ಸಲದ ಕ್ರಮ. ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಮೂರು ಯಂತ್ರ ಒಂದೇ ಕಾರಣಕ್ಕೆ ಒಂದೇ ಹೊತ್ತಿಗೆ ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ನಮಗೆ ವಾರಗಟ್ಟಲೆ ಹಿಡಿಯಿತು. ಅದಕ್ಕೇ ಇಲ್ಲೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ನಿಮಗೆ ಇದು ಬೇಕೇ?

ಒಂದೇ ಅಪ್ಲಿಕೇಶನ್, ಹತ್ತಿಪ್ಪತ್ತು ಬಳಕೆದಾರರು, ಅರ್ಧ ಗಂಟೆ ನಿಂತರೂ ನಡೆಯುತ್ತದೆ ಎನ್ನುವಂಥ ಕೆಲಸವಾದರೆ ಒಂದು ಒಳ್ಳೆಯ ಯಂತ್ರ, ಅದರಲ್ಲಿ ಒಂದೇ ಯಂತ್ರದಲ್ಲಿ ಕಂಟೇನರ್ ಓಡಿಸುವ ಡಾಕರ್ ಕಂಪೋಸ್, ದಿನಾ ಬ್ಯಾಕಪ್, ಇಷ್ಟು ಸಾಕು. ಕಂಟೇನರ್ ಎಂದರೆ ಒಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದದ್ದನ್ನೂ ಒಟ್ಟಿಗೆ ತುಂಬಿದ ಡಬ್ಬಿ. ನಾಲ್ಕೈದು ಕಂಟೇನರ್ ಎರಡು ಮೂರು ಯಂತ್ರಗಳಲ್ಲಿ ಓಡಬೇಕು ಅಷ್ಟೇ ಎಂದರೆ ಡಾಕರ್ ಸ್ವಾರ್ಮ್ ಕಲಿಯುವುದು ಸುಲಭ. ಹಗಲಲ್ಲಿ ಯಾವ ಹೊತ್ತಿನಲ್ಲೂ ನಿಲ್ಲಬಾರದು, ಸೇವೆಗಳು ಹತ್ತಾರು ಇವೆ, ಬಳಕೆದಾರರನ್ನು ಎಬ್ಬಿಸದೆ ಹೊಸ ಆವೃತ್ತಿ ಹಾಕಬೇಕು ಎನ್ನುವ ಹಂತಕ್ಕೆ ಬಂದಿದ್ದರೆ ಮಾತ್ರ ಕುಬರ್ನೆಟೀಸ್‌ಗೆ ಕೈ ಹಾಕಿ. ಗೂಗಲ್ 2014ರಲ್ಲಿ ಇದನ್ನು ಹೊರಬಿಟ್ಟಿತು, 1.0 ಆವೃತ್ತಿ 2015ರ ಜುಲೈಯಲ್ಲಿ ಬಂತು. ನಾವು ಬಳಸುವುದು ಅದರ ಹಗುರ ರೂಪ ಕೆ3ಎಸ್. ರ್‍ಯಾಂಚರ್ ಲ್ಯಾಬ್ಸ್ 2019ರಲ್ಲಿ ತಂದದ್ದು. ಎಲ್ಲವೂ ಒಂದೇ ಬೈನರಿ ಕಡತದಲ್ಲಿದೆ, ಹಳೇ ಯಂತ್ರಗಳಿಗೆ ಭಾರ ಎನಿಸುವುದಿಲ್ಲ.

ಇದು ಮಾಡುವುದೇನು ಎಂದು ನಮ್ಮ ಕಡೆಯವರಿಗೆ ಹೇಳುವುದು ಕಷ್ಟವಿಲ್ಲ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿ ಮಾಡುವ ಕೆಲಸವನ್ನೇ ಕ್ಲಸ್ಟರ್‌ನ ಕಂಟ್ರೋಲ್ ಪ್ಲೇನ್ ಮಾಡುತ್ತದೆ. ನೀರುಗಂಟಿ ಗದ್ದೆ ಉಳುವುದಿಲ್ಲ, ನಾಟಿ ಹಾಕುವುದಿಲ್ಲ. ಯಾವ ತೂಬು ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಇನ್ನೂ ನೀರು ಏರಿಲ್ಲ, ಎಲ್ಲಿ ಬದು ಒಡೆದಿದೆ ಎಂದು ಸುತ್ತುತ್ತಾ ನೋಡುತ್ತಾನೆ. ಕಂಟ್ರೋಲ್ ಪ್ಲೇನ್ ಕೂಡ ಯಾವ ಕಂಟೇನರ್ ಯಾವ ಯಂತ್ರದಲ್ಲಿ ಓಡಬೇಕು, ಯಾವುದು ಸತ್ತಿದೆ, ಬದಲಿಗೆ ಎಲ್ಲಿ ಎಬ್ಬಿಸಬೇಕು ಎಂದು ನೋಡುತ್ತಲೇ ಇರುತ್ತದೆ. ನೀರುಗಂಟಿ ಒಂದು ದಿನ ಬರದಿದ್ದರೆ ತೆರೆದ ತೂಬಿನಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಆದರೆ ಬದು ಒಡೆದರೆ ಕೇಳುವವರಿಲ್ಲ. ಹಾಗೆಯೇ ಕಂಟ್ರೋಲ್ ಪ್ಲೇನ್ ನಿಂತರೂ ಓಡುತ್ತಿರುವ ಕಂಟೇನರ್‌ಗಳು ಓಡುತ್ತವೆ. ಬಿದ್ದದ್ದನ್ನು ಎತ್ತುವವರು ಇರುವುದಿಲ್ಲ, ಅಷ್ಟೇ.

ಮೂರೇ ಯಾಕೆ

ಕ್ಲಸ್ಟರ್‌ನ ನೆನಪೆಲ್ಲ ಇಟಿಸಿಡಿ ಎಂಬ ಸಣ್ಣ ದತ್ತಸಂಚಯದಲ್ಲಿರುತ್ತದೆ. ಅದರ ಪ್ರತಿ ಮೂರು ಯಂತ್ರದಲ್ಲೂ ಇದ್ದು, ಯಾವ ಬದಲಾವಣೆಗೂ ಬಹುಮತ ಬೇಕು. ಹಾಲಿನ ಸೊಸೈಟಿಯ ಸಭೆಯಲ್ಲಿ ಕೋರಂ ಇಲ್ಲದಿದ್ದರೆ ಸಭೆ ಮುಂದಕ್ಕೆ ಹೋಗುತ್ತದಲ್ಲ, ಇಲ್ಲೂ ಅದೇ ಕೋರಂ ಲೆಕ್ಕ. ಮೂವರಲ್ಲಿ ಇಬ್ಬರಿದ್ದರೆ ಕೋರಂ ಇದೆ. ಎರಡೇ ಯಂತ್ರವಿದ್ದರೆ ಕೋರಂಗೆ ಎರಡೂ ಬೇಕು. ಒಂದು ಬಿದ್ದರೂ ತೀರ್ಮಾನ ನಿಲ್ಲುತ್ತದೆ, ಅಂದರೆ ಒಂದೇ ಯಂತ್ರ ಇಟ್ಟಿದ್ದಕ್ಕಿಂತ ಅಪಾಯ ಹೆಚ್ಚು. ನಾಲ್ಕಿದ್ದರೆ ಕೋರಂ ಮೂರು, ಆಗಲೂ ಒಂದನ್ನೇ ಕಳೆದುಕೊಳ್ಳಬಹುದು. ಐದಿದ್ದರೆ ಎರಡನ್ನು ಕಳೆದುಕೊಳ್ಳಬಹುದು. ಸಣ್ಣ ಆಫೀಸಿಗೆ ಮೂರು ಸರಿ. ಕೆ3ಎಸ್‌ನಲ್ಲಿ ಈ ಮೂರೇ ಯಂತ್ರಗಳು ಕಂಟ್ರೋಲ್ ಪ್ಲೇನೂ ಆಗಿ, ಅಪ್ಲಿಕೇಶನ್ ಓಡಿಸುವ ಜಾಗವೂ ಆಗುತ್ತವೆ. ಬೇರೆ ವರ್ಕರ್ ಯಂತ್ರ ಮೊದಲಿಗೆ ಬೇಡ.

ಯಂತ್ರಗಳನ್ನು ಸಜ್ಜು ಮಾಡುವುದು

ನಮ್ಮವು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಂದ ಡೆಸ್ಕ್‌ಟಾಪ್‌ಗಳು. ನಾಲ್ಕು ಕೋರ್, 8 ಜಿಬಿ ರ್‍ಯಾಮ್. 4 ಜಿಬಿಯಲ್ಲೂ ಶುರುಮಾಡಬಹುದು. ಹಣ ಉಳಿಸಲು ಹೋಗಬಾರದ ಒಂದೇ ಜಾಗ ಡಿಸ್ಕ್. ಇಟಿಸಿಡಿ ಪ್ರತಿ ಬರಹವನ್ನೂ ಡಿಸ್ಕಿಗೆ ಖಚಿತವಾಗಿ ಇಳಿಸಿದ ಮೇಲೆಯೇ ಮುಂದಕ್ಕೆ ಹೋಗುತ್ತದೆ. ತಿರುಗುವ ಹಳೇ ಹಾರ್ಡ್ ಡಿಸ್ಕ್ ಆ ವೇಗಕ್ಕೆ ಬರುವುದಿಲ್ಲ. ಲಾಗ್‌ನಲ್ಲಿ 'ಅಪ್ಲೈ ರಿಕ್ವೆಸ್ಟ್ ಟುಕ್ ಟೂ ಲಾಂಗ್' ಎಂಬ ಸಾಲು ಪದೇ ಪದೇ ಕಂಡರೆ ಡಿಸ್ಕನ್ನೇ ಅನುಮಾನಿಸಿ. ಮೂರಕ್ಕೂ ಎಸ್‌ಎಸ್‌ಡಿ ಹಾಕಿ.

ಮೂರಕ್ಕೂ ಉಬುಂಟು ಸರ್ವರ್‌ನ ಒಂದೇ ಎಲ್‌ಟಿಎಸ್ ಆವೃತ್ತಿ ಹಾಕಿ ಬೇರೆ ಬೇರೆ ಹೆಸರಿಡಿ. ಒಂದಕ್ಕೆ ಹಾಕಿ ಡಿಸ್ಕನ್ನೇ ನಕಲು ಮಾಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಯಂತ್ರದ ಗುರುತಿನ ಸಂಖ್ಯೆಯೂ ನಕಲಾಗಿ ಮುಂದೆ ತಲೆನೋವು. ನಾವು ಕನ್ನಂಬಾಡಿ ಹಿನ್ನೀರಿಗೆ ಸೇರುವ ಮೂರು ನದಿಗಳ ಹೆಸರಿಟ್ಟೆವು: ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ. ಹೆಸರಿನಲ್ಲಿ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಇರಬಹುದು, ಅಂಡರ್‌ಸ್ಕೋರ್ ಬೇಡ.

ಇನ್ನು ಐಪಿ ವಿಳಾಸ. ನಮ್ಮನ್ನು ಮುಳುಗಿಸಿದ್ದರಲ್ಲಿ ಇದೂ ಒಂದು. ಮೊದಲ ಸಲ ರೂಟರ್ ಕೊಟ್ಟ ವಿಳಾಸವನ್ನೇ ನಂಬಿದ್ದೆವು. ಕರೆಂಟ್ ಹೋಗಿ ಬಂದಾಗ ರೂಟರ್ ಕೂಡ ಹೊಸದಾಗಿ ಎದ್ದು, ಹೇಮಾವತಿಗೆ ಬೇರೆ ವಿಳಾಸ ಹಂಚಿತು. ಇಟಿಸಿಡಿಯ ಸದಸ್ಯರ ಪಟ್ಟಿಯಲ್ಲಿ ಇದ್ದದ್ದು ಹಳೇ ವಿಳಾಸ. ಉಳಿದವು ಅಲ್ಲಿ ಬಾಗಿಲು ತಟ್ಟುತ್ತಲೇ ಇದ್ದವು, ಹೇಮಾವತಿ ಬೇರೆ ಮನೆಯಲ್ಲಿತ್ತು.

ಆದ್ದರಿಂದ ರೂಟರ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ (ರೂಟರ್ ತಾನಾಗಿ ವಿಳಾಸ ಕೊಡುವ ಏರ್ಪಾಡು) ಹಂಚಿಕೆ 100ರಿಂದ ಮುಂದಕ್ಕೆ ಶುರುವಾಗುವಂತೆ ಮಾಡಿ. ಯಂತ್ರಗಳಿಗೆ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಕಡತದಲ್ಲಿ ಸ್ಥಿರ ವಿಳಾಸ ಬರೆಯಿರಿ: ಕಾವೇರಿಗೆ 192.168.1.11, ಹೇಮಾವತಿಗೆ 192.168.1.12, ಲಕ್ಷ್ಮಣತೀರ್ಥಕ್ಕೆ 192.168.1.13. 192.168.1.10 ಖಾಲಿ ಇರಲಿ, ಮುಂದೆ ಬೇಕಾಗುತ್ತದೆ. ಬದಲಾವಣೆ ಜಾರಿಗೆ ತರುವಾಗ ಹೀಗೆ ಮಾಡಿ:

ಸುಡೋ ನೆಟ್‌ಪ್ಲಾನ್ ಟ್ರೈ

ಏನಾದರೂ ತಪ್ಪು ಬರೆದು ಸಂಪರ್ಕ ಕಡಿದುಹೋದರೂ, ನೀವು ಎಂಟರ್ ಒತ್ತದಿದ್ದರೆ 120 ಸೆಕೆಂಡಿಗೆ ಹಳೇ ಸ್ಥಿತಿಗೆ ತಾನೇ ಮರಳುತ್ತದೆ. ಟ್ರೈ ಬದಲು ಅಪ್ಲೈ ಮಾಡಿ ಕೈಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

ಗಡಿಯಾರದ ಕತೆ ಇನ್ನೂ ಸಣ್ಣದು, ಹುಡುಕಲು ಹಿಡಿದದ್ದು ಅರ್ಧ ದಿನ. ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿ ನಾಣ್ಯದ ಗಾತ್ರದ ಬ್ಯಾಟರಿ ಇರುತ್ತದೆ, ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಲಕ್ಷ್ಮಣತೀರ್ಥದಲ್ಲಿ ಅದು ಸತ್ತು ಎಷ್ಟು ಕಾಲವಾಗಿತ್ತೋ, ಕರೆಂಟ್ ಇರುವವರೆಗೆ ಗೊತ್ತಾಗುವಂತಿರಲಿಲ್ಲ. ಯಂತ್ರ ಎದ್ದಾಗ ದಿನಾಂಕ ಹಿಂದಕ್ಕೆ ಹೋಗಿತ್ತು. ಫೈಬರ್ ಪೆಟ್ಟಿಗೆ ಇನ್ನೂ ಎದ್ದಿರಲಿಲ್ಲವಾದ್ದರಿಂದ ಇಂಟರ್‌ನೆಟ್‌ನಿಂದ ಸಮಯ ಕೇಳಿ ತಿದ್ದಿಕೊಳ್ಳಲೂ ಆಗಲಿಲ್ಲ. ಕ್ಲಸ್ಟರ್‌ನ ಯಂತ್ರಗಳು ಒಂದನ್ನೊಂದು ನಂಬುವುದು ಸರ್ಟಿಫಿಕೇಟ್ ನೋಡಿ. ಹಿಂದಿನ ದಿನಾಂಕದಲ್ಲಿ ನಿಂತ ಯಂತ್ರಕ್ಕೆ ಆ ಸರ್ಟಿಫಿಕೇಟ್‌ಗಳೆಲ್ಲ ಇನ್ನೂ ಹುಟ್ಟೇ ಇಲ್ಲ! ಅದು ಯಾರನ್ನೂ ಒಳಗೆ ಬಿಡಲಿಲ್ಲ. ವಾಚ್ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಹಾಕಿದ ಮೇಲೆ ಎಲ್ಲ ಸರಿಹೋಯಿತು. ಮೂರಕ್ಕೂ ಹೊಸ ಬ್ಯಾಟರಿ ಹಾಕಿ, ಗಡಿಯಾರ ಸರಿಯಾಗಿಡುವ ಕ್ರೋನಿ ಇನ್‌ಸ್ಟಾಲ್ ಮಾಡಿ, ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಲ್ಲಿ ಮೂರರ ಸಮಯವನ್ನೂ ಹೊಂದಿಸಿ ನೋಡಿ.

ಬ್ಯಾಟರಿ ಬದಲಿಸಿದ ಮೇಲೆ ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್) ತೆರೆದು ಇನ್ನೊಂದು ಕೆಲಸ ಮುಗಿಸಿ. ಕರೆಂಟ್ ಮರಳಿದಾಗ ಏನು ಮಾಡಬೇಕು ಎಂಬ ಆಯ್ಕೆ ಇರುತ್ತದೆ, ಅದನ್ನು 'ಪವರ್ ಆನ್' ಮಾಡಿ. ಇಲ್ಲದಿದ್ದರೆ ರಾತ್ರಿ ಕರೆಂಟ್ ಹೋಗಿ ಬಂದರೆ ಯಾರಾದರೂ ಬಂದು ಬಟನ್ ಒತ್ತುವವರೆಗೆ ಯಂತ್ರಗಳು ಕಾಯುತ್ತಾ ಕೂರುತ್ತವೆ.

ಕರೆಂಟ್ ಮತ್ತು ಕೇಬಲ್

ಎರಡು ಯುಪಿಎಸ್ ಇದ್ದರೆ ಸಾಕು ಎಂದು ನಾವೂ ಅಂದುಕೊಂಡಿದ್ದೆವು. ಕಾಗದದ ಮೇಲೆ ಬರೆದು ನೋಡಿ: ಎರಡರಲ್ಲಿ ಒಂದಕ್ಕೆ ಎರಡು ಯಂತ್ರ ಬಂದೇ ಬರುತ್ತದೆ. ಆ ಯುಪಿಎಸ್ ಕೆಟ್ಟರೆ ಕೋರಂ ಹೋಯಿತು. ಮಾನಿಟರ್ ಇಲ್ಲದ ಒಂದು ಡೆಸ್ಕ್‌ಟಾಪ್‌ಗೆ 600 ವಿಎ ಸಣ್ಣ ಯುಪಿಎಸ್ ಸಾಕಾಗುತ್ತದೆ. ಹಾಗಾಗಿ ಯಂತ್ರಕ್ಕೊಂದರಂತೆ ಮೂರು ತಂದೆವು. ನೆಟ್‌ವರ್ಕ್ ಸ್ವಿಚ್ ಮತ್ತು ಫೈಬರ್ ಪೆಟ್ಟಿಗೆಗೆ ನಾಲ್ಕನೆಯದು. ಮೂರು ಸರ್ವರ್ ಬದುಕಿದ್ದು ಸ್ವಿಚ್ ಸತ್ತರೆ ಮೂರೂ ಸತ್ತ ಹಾಗೆಯೇ.

ಸ್ವಿಚ್ ಕೂಡ ಒಂದೇ ಇದೆ, ಅದೂ ಕೆಡಬಹುದು. ಎರಡು ಸ್ವಿಚ್, ಯಂತ್ರಕ್ಕೆ ಎರಡೆರಡು ಕಾರ್ಡ್ ಹಾಕುವುದು ದೊಡ್ಡವರ ಕೆಲಸ. ನಾವು ಹೆಚ್ಚುವರಿ 8 ಪೋರ್ಟಿನ ಸ್ವಿಚ್ ಒಂದನ್ನು ಡ್ರಾಯರ್‌ನಲ್ಲಿ ಇಟ್ಟಿದ್ದೇವೆ. ಕೇಬಲ್ ಬದಲಿಸಲು ಎರಡು ನಿಮಿಷ.

ಇನ್‌ಸ್ಟಾಲ್

ಯಂತ್ರಗಳ ನಡುವೆ ಈ ಪೋರ್ಟ್‌ಗಳು ತೆರೆದಿರಬೇಕು: ಎಪಿಐಗೆ (ಕಂಟ್ರೋಲ್ ಪ್ಲೇನ್‌ನ ಬಾಗಿಲು) ಟಿಸಿಪಿ 6443, ಇಟಿಸಿಡಿಗೆ ಟಿಸಿಪಿ 2379 ಮತ್ತು 2380, ಕ್ಯೂಬ್ಲೆಟ್‌ಗೆ (ಪ್ರತಿ ಯಂತ್ರದಲ್ಲೂ ಕಂಟೇನರ್ ನೋಡಿಕೊಳ್ಳುವ ಭಾಗ) ಟಿಸಿಪಿ 10250, ಕಂಟೇನರ್‌ಗಳ ಒಳ ಜಾಲಕ್ಕೆ ಯುಡಿಪಿ 8472. ಕೊನೆಯದನ್ನು ಮರೆಯುವವರೇ ಹೆಚ್ಚು. ಮರೆತರೆ ನೋಡ್‌ಗಳೆಲ್ಲ (ಕ್ಲಸ್ಟರ್‌ನ ಯಂತ್ರಗಳು) ಚೆನ್ನಾಗಿವೆ ಎಂದು ತೋರಿಸುತ್ತದೆ, ಆದರೆ ಒಂದು ಯಂತ್ರದ ಕಂಟೇನರ್‌ಗೆ ಇನ್ನೊಂದರದು ಸಿಗುವುದಿಲ್ಲ. ಇವು ಯಾವುವೂ ಹೊರಗಿನ ಇಂಟರ್‌ನೆಟ್‌ಗೆ ತೆರೆದಿರಬಾರದು. ನಮ್ಮ ಮಂಡಿಗಳ ಕಂಪ್ಯೂಟರ್‌ಗಳು ವೈರ್‌ಗಾರ್ಡ್ ಎಂಬ ವಿಪಿಎನ್ ಮೂಲಕ ಒಳಗೆ ಬರುತ್ತವೆ.

ಆಯ್ಕೆಗಳನ್ನು ಕಮಾಂಡಿನ ಬಾಲಕ್ಕೆ ಉದ್ದುದ್ದ ಸೇರಿಸುವ ಬದಲು ಕಡತದಲ್ಲಿ ಬರೆದಿಡಿ, ಆರು ತಿಂಗಳ ಮೇಲೆ ನೋಡಿದರೂ ಅರ್ಥವಾಗುತ್ತದೆ. ಕಾವೇರಿಯಲ್ಲಿ ಇಟಿಸಿ ಒಳಗೆ ರ್‍ಯಾಂಚರ್, ಅದರೊಳಗೆ ಕೆ3ಎಸ್ ಎಂಬ ಫೋಲ್ಡರ್ ಮಾಡಿ, ಕಾನ್ಫಿಗ್ ಡಾಟ್ ಯಾಮಲ್ ಎಂಬ ಕಡತದಲ್ಲಿ ಮೂರು ಸಾಲು:

ಟೋಕನ್: ನೀವೇ ಆರಿಸಿದ ಉದ್ದನೆಯ ಗುಟ್ಟಿನ ಪದ
ಕ್ಲಸ್ಟರ್-ಇನಿಟ್: ಟ್ರೂ
ಟಿಎಲ್‌ಎಸ್-ಸ್ಯಾನ್: 192.168.1.10

ಯಾಮಲ್ ಕಡತದಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಕ್ಲಸ್ಟರ್-ಇನಿಟ್ ಸಾಲು ಬಿಟ್ಟುಹೋದರೆ ಕೆ3ಎಸ್ ಇಟಿಸಿಡಿ ಬದಲು ಎಸ್‌ಕ್ಯೂಲೈಟ್ ಹಿಡಿಯುತ್ತದೆ. ಒಂಟಿ ಯಂತ್ರಕ್ಕೆ ಅದು ಸರಿ, ನಮಗಲ್ಲ. ಟಿಎಲ್‌ಎಸ್-ಸ್ಯಾನ್ ಸಾಲು ನಾವು ಖಾಲಿ ಬಿಟ್ಟ ವಿಳಾಸವನ್ನೂ ಸರ್ಟಿಫಿಕೇಟ್‌ಗೆ ಸೇರಿಸುತ್ತದೆ.

ಆಮೇಲೆ ಗೆಟ್ ಡಾಟ್ ಕೆ3ಎಸ್ ಡಾಟ್ ಐಓ ತಾಣದಿಂದ ಕರ್ಲ್‌ನಲ್ಲಿ ಸ್ಕ್ರಿಪ್ಟ್ ಇಳಿಸಿಕೊಳ್ಳಿ. ಇಳಿಸಿದ ಕೂಡಲೇ ಓಡಿಸುವ ಬದಲು ಒಮ್ಮೆ ತೆರೆದು ಓದುವುದು ಒಳ್ಳೆಯ ಅಭ್ಯಾಸ. ಮೂರು ಯಂತ್ರಕ್ಕೂ ಒಂದೇ ಆವೃತ್ತಿ ಬರಲು, ಇನ್‌ಸ್ಟಾಲ್ ಅಂಡರ್‌ಸ್ಕೋರ್ ಕೆ3ಎಸ್ ಅಂಡರ್‌ಸ್ಕೋರ್ ವರ್ಷನ್ ಎಂಬ ದೊಡ್ಡಕ್ಷರದ ವೇರಿಯಬಲ್‌ನಲ್ಲಿ ಆವೃತ್ತಿಯ ಸಂಖ್ಯೆ ಕೊಟ್ಟು ಸ್ಕ್ರಿಪ್ಟ್ ಓಡಿಸಿ. ಒಂದೆರಡು ನಿಮಿಷದ ಮೇಲೆ:

ಸುಡೋ ಕೆ3ಎಸ್ ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್

ಕಾವೇರಿಯ ಮುಂದೆ 'ರೆಡಿ' ಎಂದು ಕಂಡ ಮೇಲೆ ಹೇಮಾವತಿಗೆ ಹೋಗಿ. ಅಲ್ಲಿನ ಕಡತದಲ್ಲಿ ಕ್ಲಸ್ಟರ್-ಇನಿಟ್ ಸಾಲಿನ ಬದಲಿಗೆ ಸರ್ವರ್ ಎಂಬ ಸಾಲು ಇರುತ್ತದೆ, ಅದರಲ್ಲಿ ಕಾವೇರಿಯ ಎಚ್‌ಟಿಟಿಪಿಎಸ್ ವಿಳಾಸ ಮತ್ತು ಪೋರ್ಟ್ 6443. ಟೋಕನ್, ಟಿಎಲ್‌ಎಸ್-ಸ್ಯಾನ್ ಎರಡೂ ಅವೇ. ಅದು ರೆಡಿ ಆದ ಮೇಲೆ ಲಕ್ಷ್ಮಣತೀರ್ಥ. ಎರಡನ್ನೂ ಒಟ್ಟಿಗೆ ಸೇರಿಸುವ ಅವಸರ ಬೇಡ.

ನಿಮ್ಮ ಲ್ಯಾಪ್‌ಟಾಪ್‌ನಿಂದ ಕ್ಲಸ್ಟರ್ ನೋಡಲು ಅದೇ ಫೋಲ್ಡರಿನ ಕೆ3ಎಸ್ ಡಾಟ್ ಯಾಮಲ್ ಕಡತ ಬೇಕು. ಅದರೊಳಗಿನ 127.0.0.1 ತೆಗೆದು 192.168.1.10 ಹಾಕಿ, ಮುಂದಿನ ಭಾಗದ ಕೆಲಸ ಮುಗಿದ ಮೇಲೆ ಈ ವಿಳಾಸ ಉತ್ತರಿಸುತ್ತದೆ. ಈ ಕಡತ ಇದ್ದವರಿಗೆ ಇಡೀ ಕ್ಲಸ್ಟರ್‌ನ ಬೀಗದ ಕೈ ಸಿಕ್ಕ ಹಾಗೆ. ದಯವಿಟ್ಟು ಆಫೀಸಿನ ವಾಟ್ಸ್ಆಪ್ ಗುಂಪಿಗೆ ಹಾಕಬೇಡಿ.

ಯಾವ ಬಾಗಿಲು ತಟ್ಟಬೇಕು

ಮಂಡಿಯ ಕಂಪ್ಯೂಟರ್‌ಗಳಲ್ಲಿ ಕಾವೇರಿಯ ವಿಳಾಸವನ್ನೇ ಬರೆದಿಟ್ಟಿದ್ದರೆ, ಕಾವೇರಿ ಬಿದ್ದ ದಿನ ಉಳಿದೆರಡು ಚೆನ್ನಾಗಿದ್ದೂ ಉಪಯೋಗವಿಲ್ಲ. ಖಾಲಿ ಬಿಟ್ಟ ಆ 192.168.1.10 ಬೇಕಾಗುವುದು ಇಲ್ಲಿ. ಮೂರೂ ಯಂತ್ರದಲ್ಲಿ ಕೀಪ್‌ಅಲೈವ್ಡ್ ಹಾಕಿ ಈ ವಿಳಾಸವನ್ನು ಮೂರಕ್ಕೂ ಸೇರಿದ್ದು ಎಂದು ಬರೆಯಿರಿ. ವರ್ಚುವಲ್ ರೂಟರ್ ಸಂಖ್ಯೆ ಮೂರರಲ್ಲೂ ಒಂದೇ ಇರಲಿ, ಆದ್ಯತೆ ಮಾತ್ರ 150, 140, 130 ಹೀಗೆ. ಯಾರ ಆದ್ಯತೆ ಹೆಚ್ಚೋ ಅದು ವಿಳಾಸ ಹಿಡಿದಿರುತ್ತದೆ. ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಸಾರುತ್ತದೆ. ಮೂರ್ನಾಲ್ಕು ಸೆಕೆಂಡ್ ಸದ್ದಿಲ್ಲದಿದ್ದರೆ ಮುಂದಿನದು ವಿಳಾಸ ಎತ್ತಿಕೊಳ್ಳುತ್ತದೆ. ಕೆ3ಎಸ್‌ನ ಜೊತೆಗೇ ಬರುವ ಟ್ರಾಫಿಕ್ ಎಂಬ ದ್ವಾರಪಾಲಕ ಮೂರೂ ಯಂತ್ರದ 80 ಮತ್ತು 443 ಪೋರ್ಟಿನಲ್ಲಿ ಸಿಗುವುದರಿಂದ, ವಿಳಾಸ ಯಾರ ಹತ್ತಿರ ಇದ್ದರೂ ಕೋರಿಕೆ ಸರಿಯಾದ ಕಂಟೇನರ್‌ಗೆ ಮುಟ್ಟುತ್ತದೆ.

ಅಪ್ಲಿಕೇಶನ್ ಹಾಕುವಾಗ

ಡಿಪ್ಲಾಯ್‌ಮೆಂಟ್ (ಯಾವ ಕಂಟೇನರ್, ಎಷ್ಟು ಪ್ರತಿ ಎಂದು ಹೇಳುವ ಕಡತ) ಬರೆಯುವುದನ್ನು ಹೇಳಿಕೊಡುವ ಪಾಠಗಳು ಬೇಕಾದಷ್ಟಿವೆ. ಬಿಡಲೇಬಾರದ ನಾಲ್ಕು ಸಂಗತಿ ಮಾತ್ರ ಹೇಳುತ್ತೇನೆ. ಪ್ರತಿ ಸೇವೆಗೂ ಕನಿಷ್ಠ ಎರಡು ಪ್ರತಿ ಇರಲಿ, ಮತ್ತು ಅವೆರಡೂ ಒಂದೇ ಯಂತ್ರದಲ್ಲಿ ಕೂರದ ಹಾಗೆ ಟೋಪಾಲಜಿ ಸ್ಪ್ರೆಡ್ ನಿಯಮ ಬರೆಯಿರಿ. ಕಂಟೇನರ್‌ಗೆ ಯಂತ್ರ ಆರಿಸುವ ಶೆಡ್ಯೂಲರ್ ತಾನಾಗಿಯೇ ಹರಡಲು ನೋಡುತ್ತದೆ, ಆದರೆ ಕಡ್ಡಾಯವೆಂದು ತಿಳಿಯುವುದಿಲ್ಲ. ಕಂಟೇನರ್ ಸಿದ್ಧವಿದೆಯೇ ಎಂದು ಕೇಳುವ ರೆಡಿನೆಸ್ ಪ್ರೋಬ್ ಇರಲಿ. ಅದಿಲ್ಲದಿದ್ದರೆ ಇನ್ನೂ ಕಣ್ಣು ಬಿಡದ ಕಂಟೇನರ್‌ಗೂ ಕೋರಿಕೆ ಹೋಗುತ್ತದೆ. ಮೆಮೊರಿಗೆ ರಿಕ್ವೆಸ್ಟ್ ಮತ್ತು ಲಿಮಿಟ್ ಬರೆಯಿರಿ. ಒಂದು ಯಂತ್ರ ಬಿದ್ದಾಗ ಅದರ ಹೊರೆಯೂ ಉಳಿದೆರಡರ ಮೇಲೆ ಬೀಳುತ್ತದಲ್ಲ, ಅಷ್ಟು ಜಾಗ ಮೊದಲೇ ಉಳಿದಿರಬೇಕು. ಮೂರು ಯಂತ್ರದ ಒಟ್ಟು ರ್‍ಯಾಮ್‌ನಲ್ಲಿ ಮೂರನೇ ಎರಡು ಪಾಲನ್ನೂ ಮುಟ್ಟದ ಹಾಗೆ ಲೆಕ್ಕ ಹಾಕಿ. ಇಮೇಜ್‌ಗೆ (ಕಂಟೇನರ್ ಹುಟ್ಟುವ ಅಚ್ಚು) 'ಲೇಟೆಸ್ಟ್' ಎಂಬ ಹಣೆಪಟ್ಟಿ ಬೇಡ, ಆವೃತ್ತಿ ಸಂಖ್ಯೆ ಕೊಡಿ. ಲೇಟೆಸ್ಟ್ ಎಂದಿದ್ದರೆ ಕಂಟೇನರ್ ಎದ್ದಾಗಲೆಲ್ಲ ಇಮೇಜ್‌ಗಳ ಉಗ್ರಾಣವಾದ ರಿಜಿಸ್ಟ್ರಿಗೆ ಹೋಗಿ ಕೇಳುತ್ತದೆ. ಇಂಟರ್‌ನೆಟ್ ಇಲ್ಲದ ಹೊತ್ತಿನಲ್ಲಿ ಯಂತ್ರದೊಳಗೇ ಇಮೇಜ್ ಇದ್ದರೂ ಕಂಟೇನರ್ ಏಳುವುದಿಲ್ಲ.

ದತ್ತಸಂಚಯ ಎಲ್ಲಿರಬೇಕು

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸಣ್ಣ ತಂಡಗಳು ಅಪ್ಲಿಕೇಶನ್ನಿನ ದತ್ತಸಂಚಯವನ್ನು ಕ್ಲಸ್ಟರ್‌ನ ಹೊರಗೇ ಇಡಬೇಕು. ಕೆ3ಎಸ್ ಜೊತೆ ಬರುವ ಲೋಕಲ್-ಪಾತ್ ಸಂಗ್ರಹಣೆ ಬರೆಯುವುದು ಆ ಯಂತ್ರದ ಡಿಸ್ಕಿಗೆ. ಯಂತ್ರ ಬಿದ್ದರೆ ಕಂಟೇನರ್ ಬೇರೆ ಕಡೆ ಏಳಲಾರದು, ದತ್ತಾಂಶ ಬಿದ್ದ ಯಂತ್ರದಲ್ಲೇ ಉಳಿಯಿತಲ್ಲ. 'ಪೆಂಡಿಂಗ್' ಎಂದು ಕಾಯುತ್ತಲೇ ಇರುತ್ತದೆ. ಲಾಂಗ್‌ಹಾರ್ನ್ ಎಂಬುದು ದತ್ತಾಂಶವನ್ನು ಎರಡು ಮೂರು ಯಂತ್ರಗಳಲ್ಲಿ ಪ್ರತಿ ಮಾಡಿಡುತ್ತದೆ, ಚೆನ್ನಾಗಿಯೂ ಇದೆ. ಆದರೆ ಕೆಟ್ಟ ದಿನ ಬಂದಾಗ ಅದನ್ನೂ ಬಿಚ್ಚಿ ನೋಡುವ ಜ್ಞಾನ ತಂಡದಲ್ಲಿ ಯಾರಿಗಾದರೂ ಇರಬೇಕು. ರೈತನ ದುಡ್ಡಿನ ಲೆಕ್ಕವನ್ನು ನಾನು ಅದರ ಮೇಲೆ ಇಡಲು ಒಪ್ಪಲಿಲ್ಲ.

ನಮ್ಮಲ್ಲಿ ಪೋಸ್ಟ್‌ಗ್ರೆಸ್ ದತ್ತಸಂಚಯ ನಾಲ್ಕನೇ ಯಂತ್ರ ಶಿಂಷಾದಲ್ಲಿದೆ. ಅದರ ಬೆನ್ನಿಗೆ ಐದನೇ ಯಂತ್ರ ಲೋಕಪಾವನಿ, ಸ್ಟ್ರೀಮಿಂಗ್ ರೆಪ್ಲಿಕೇಶನ್‌ನಲ್ಲಿ ಪ್ರತಿ ಬರಹವನ್ನೂ ಹಿಂಬಾಲಿಸುತ್ತದೆ. ಶಿಂಷಾ ಬಿದ್ದರೆ ಲೋಕಪಾವನಿಯನ್ನು ನಾವೇ ಕೈಯಾರೆ ಮುಖ್ಯ ಸ್ಥಾನಕ್ಕೆ ಏರಿಸುತ್ತೇವೆ. ತಾನಾಗಿ ಏರುವ ಏರ್ಪಾಡು ಮಾಡಲಿಲ್ಲ. ಇಬ್ಬರೇ ಇರುವಲ್ಲಿ ಕೋರಂ ಇಲ್ಲ. ನಡುವಿನ ಕೇಬಲ್ ಕಿತ್ತರೆ ಎರಡೂ ತಾನೇ ಮುಖ್ಯ ಎಂದುಕೊಂಡು ಎರಡು ಲೆಕ್ಕ ಬರೆಯಲು ಶುರುಮಾಡಬಹುದು. ಹಣದ ಲೆಕ್ಕದಲ್ಲಿ ಐದು ನಿಮಿಷ ನಿಂತದ್ದನ್ನು ಮಂಡಿಯವರು ಕ್ಷಮಿಸುತ್ತಾರೆ, ಎರಡು ಲೆಕ್ಕವನ್ನಲ್ಲ.

ವೈರ್ ಕಿತ್ತು ನೋಡಿ

ಇಷ್ಟಾದ ಮೇಲೆ ಒಂದು ಭಾನುವಾರ, ಮಂಡಿಗೆ ಕೆಲಸವಿಲ್ಲದ ಹೊತ್ತಿನಲ್ಲಿ, ಕಾವೇರಿಯ ಪವರ್ ಕೇಬಲ್ ಕೀಳಿ. ಶಟ್‌ಡೌನ್ ಕಮಾಂಡ್ ಕೊಡಬೇಡಿ. ಅದು ಎಲ್ಲರಿಗೂ ಹೇಳಿ ಹೋಗುವ ವಿದಾಯ, ನಿಜವಾದ ಕೆಡುಕು ಹೇಳಿ ಬರುವುದಿಲ್ಲ. ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಸೆಕೆಂಡಿಗೊಂದು ಕೋರಿಕೆ ಕಳಿಸುತ್ತಾ ಇರಿ.

ಮೊದಲ ಮೂರ್ನಾಲ್ಕು ಸೆಕೆಂಡ್ ಉತ್ತರವೇ ಇರುವುದಿಲ್ಲ, ಆಗ 192.168.1.10 ಹೇಮಾವತಿಗೆ ಹೋಗುತ್ತಿರುತ್ತದೆ. ಅಲ್ಲಿಂದ ಮುಂದೆ ಕೆಲವು ಕೋರಿಕೆಗೆ ಉತ್ತರ ಬರುತ್ತದೆ, ಕೆಲವು ನೇತಾಡುತ್ತವೆ. ಕಾರಣ ಇಷ್ಟೇ: ಕಾವೇರಿ ಸತ್ತದ್ದು ಕಂಟ್ರೋಲ್ ಪ್ಲೇನ್‌ಗೆ ಇನ್ನೂ ಖಾತ್ರಿಯಾಗಿಲ್ಲ, ಕಾವೇರಿಯಲ್ಲಿದ್ದ ಪ್ರತಿಗೂ ಅದು ಕೋರಿಕೆ ಹಂಚುತ್ತಲೇ ಇರುತ್ತದೆ. ಸುಮಾರು 40ರಿಂದ 50 ಸೆಕೆಂಡಿಗೆ ಕಾವೇರಿ 'ನಾಟ್ ರೆಡಿ' ಆಗುತ್ತದೆ, ಆಗ ಎಲ್ಲ ಕೋರಿಕೆಗಳೂ ಬದುಕಿರುವ ಪ್ರತಿಗೆ ತಿರುಗುತ್ತವೆ. ಆ ನಡುವಿನ ಮುಕ್ಕಾಲು ನಿಮಿಷವನ್ನು ಕುಬರ್ನೆಟೀಸ್ ಒಂದೇ ಮುಚ್ಚಲಾರದು. ಮಂಡಿಯ ಕಂಪ್ಯೂಟರ್‌ನಲ್ಲಿರುವ ನಮ್ಮ ತಂತ್ರಾಂಶಕ್ಕೆ ಎರಡು ಸೆಕೆಂಡಿನ ಟೈಮ್‌ಔಟ್, ಆಮೇಲೆ ಮರುಪ್ರಯತ್ನ ಸೇರಿಸಿದೆವು. ಮರುಪ್ರಯತ್ನದಲ್ಲಿ ಒಂದೇ ತೂಕ ಎರಡು ಸಲ ದಾಖಲಾಗದಂತೆ ಪ್ರತಿ ಚೀಟಿಗೂ ಮಂಡಿಯಲ್ಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟುತ್ತದೆ. ಈಗ ತೂಕ ಮಾಡುವವರಿಗೆ ಕಾಣುವುದು ಚೀಟಿ ಸ್ವಲ್ಪ ತಡವಾಗಿ ಬಂದದ್ದು ಮಾತ್ರ.

ಇನ್ನು ಐದು ನಿಮಿಷ ಕಾಯಬೇಕು. ಬಿದ್ದ ಯಂತ್ರ ಬೇಗ ಏಳಬಹುದು ಎಂದು ಕುಬರ್ನೆಟೀಸ್ 300 ಸೆಕೆಂಡ್ ಕಾದು, ಆಮೇಲೆಯೇ ಅದರಲ್ಲಿದ್ದ ಕಂಟೇನರ್‌ಗಳ ಬದಲಿಯನ್ನು ಬೇರೆ ಕಡೆ ಎಬ್ಬಿಸುತ್ತದೆ. ಹೊಸಬರು ಇಲ್ಲಿಯೇ ಗಾಬರಿಯಾಗುವುದು, ಕ್ಲಸ್ಟರ್ ಕೆಲಸ ಮಾಡುತ್ತಿಲ್ಲ ಎಂದು ಏನೇನೋ ಒತ್ತುವುದು. ತುರ್ತು ಸೇವೆಗಳಿಗೆ ಟಾಲರೇಶನ್ ಸೆಕೆಂಡ್ಸ್ ಎಂಬ ಆಯ್ಕೆಯಲ್ಲಿ ಇದನ್ನು 30ಕ್ಕೆ ಇಳಿಸಬಹುದು. ಹಳೇ ಕಂಟೇನರ್‌ಗಳ ಮುಂದೆ 'ಟರ್ಮಿನೇಟಿಂಗ್' ಎಂದು ಕಾವೇರಿ ಮರಳುವವರೆಗೂ ಕಾಣುತ್ತದೆ, ಅದು ತಪ್ಪಲ್ಲ.

ಕೇಬಲ್ ಮತ್ತೆ ಹಾಕಿ, ಕಾವೇರಿ ರೆಡಿ ಆದ ಮೇಲೆ ಹೇಮಾವತಿಯದನ್ನು ಕೀಳಿ, ಆಮೇಲೆ ಲಕ್ಷ್ಮಣತೀರ್ಥ. ಕೊನೆಗೆ ಮೂರನ್ನೂ ಕಿತ್ತು, ಫೈಬರ್ ಪೆಟ್ಟಿಗೆಯನ್ನೂ ಆಫ್ ಮಾಡಿ, ಯಾರೂ ಮುಟ್ಟದೆ ಎಲ್ಲ ತಾನಾಗಿ ಏಳುತ್ತದೆಯೇ ನೋಡಿ. ಭರಣಿ ಮಳೆಯ ದಿನ ಆದದ್ದು ಇದೇ. ಈಗ ಏಳುತ್ತದೆ.

ಬ್ಯಾಕಪ್ ಮೈಸೂರಿಗೆ

ಒಂದು ಯಂತ್ರವನ್ನು ಮೈಸೂರಿನಲ್ಲಿಟ್ಟರೆ ಹೇಗೆ ಎಂದು ನಮ್ಮಲ್ಲೂ ಚರ್ಚೆ ನಡೆದಿತ್ತು, ಹೆಚ್ಚೆಂದರೆ 45 ಕಿಲೋಮೀಟರ್ ದೂರ. ಬೇಡ ಎಂದು ತೀರ್ಮಾನಿಸಿದೆವು. ಇಟಿಸಿಡಿಯ ಪ್ರತಿ ಬರಹವೂ ಸಾಮಾನ್ಯ ಬ್ರಾಡ್‌ಬ್ಯಾಂಡ್ ದಾಟಿ ಹೋಗಿ ಬರಬೇಕಾಗುತ್ತದೆ, ಸಂಪರ್ಕ ಕುಂಟಿದಾಗಲೆಲ್ಲ ಕ್ಲಸ್ಟರ್ ಕುಂಟುತ್ತದೆ. ಕ್ಲಸ್ಟರ್ ಒಂದೇ ಸೂರಿನಡಿ ಇರಲಿ, ಅದರ ಪ್ರತಿ ಬೇರೆ ಊರಿನಲ್ಲಿರಲಿ.

ಕೆ3ಎಸ್ ತಾನಾಗಿಯೇ 12 ಗಂಟೆಗೊಮ್ಮೆ ಇಟಿಸಿಡಿಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದು, ಕೊನೆಯ ಐದನ್ನು ಉಳಿಸಿಕೊಳ್ಳುತ್ತದೆ. ಆದರೆ ಇಡುವುದು ಅದೇ ಯಂತ್ರದಲ್ಲಿ. ಕುವೆಂಪುನಗರದ ಗೆಳೆಯರ ಮನೆಯಲ್ಲಿ ಒಂದು ಪುಟ್ಟ ಯಂತ್ರ ಇಟ್ಟಿದ್ದೇವೆ. ರಾತ್ರಿ ಆ ಸ್ನ್ಯಾಪ್‌ಶಾಟ್‌ಗಳೂ ಪೋಸ್ಟ್‌ಗ್ರೆಸ್‌ನ ಡಂಪ್ ಕೂಡ ಗೂಢಲಿಪಿಯಾಗಿ ಅಲ್ಲಿಗೆ ಹೋಗುತ್ತವೆ. ಟೋಕನ್ನನ್ನು ಬೇರೆಯಾಗಿ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಸ್ನ್ಯಾಪ್‌ಶಾಟ್ ಇದ್ದು ಟೋಕನ್ ಕಳೆದರೆ ಅದನ್ನು ತೆರೆಯಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಕ್ಲಸ್ಟರ್-ರಿಸೆಟ್ ಆಯ್ಕೆ ಕೊಟ್ಟು ಅದರಿಂದ ಕ್ಲಸ್ಟರ್ ಎಬ್ಬಿಸಿ ನೋಡುತ್ತೇವೆ. ಮೊದಲ ಸಲ ಎರಡು ಗಂಟೆ ಹಿಡಿಯಿತು, ಈಗ ಇಪ್ಪತ್ತು ನಿಮಿಷ.

ಅಪ್‌ಗ್ರೇಡ್ ಒಂದೊಂದೇ ಯಂತ್ರಕ್ಕೆ ಮಾಡಿ. ಮೊದಲು ಡ್ರೇನ್ ಕಮಾಂಡಿನಲ್ಲಿ ಕಂಟೇನರ್‌ಗಳನ್ನು ಖಾಲಿ ಮಾಡಿಸಿ, ಹೊಸ ಆವೃತ್ತಿ ಹಾಕಿ, ರೆಡಿ ಆದ ಮೇಲೆ ಅನ್‌ಕಾರ್ಡನ್ ಕಮಾಂಡಿನಲ್ಲಿ ಮತ್ತೆ ಕೆಲಸಕ್ಕೆ ತೆರೆಯಿರಿ. ನಡುವಿನ ಆವೃತ್ತಿಗಳನ್ನು ಹಾರಬೇಡಿ. ಕೆ3ಎಸ್ ತನ್ನ ಸರ್ಟಿಫಿಕೇಟ್‌ಗಳಿಗೆ ಕೊಡುವ ಆಯಸ್ಸು ಒಂದು ವರ್ಷ. ಮುಗಿಯುವ ಮುಂಚಿನ ಮೂರು ತಿಂಗಳೊಳಗೆ ಸೇವೆ ರೀಸ್ಟಾರ್ಟ್ ಆದರೆ ತಾನೇ ಹೊಸದಾಗುತ್ತದೆ. ಕಾಲಕಾಲಕ್ಕೆ ಅಪ್‌ಗ್ರೇಡ್ ಮಾಡುವವರಿಗೆ ಇದರ ಚಿಂತೆ ಇಲ್ಲ.

ಯಂತ್ರಗಳ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿ ಐದೂ ಯಂತ್ರದ ಹೆಸರು ಮತ್ತು ವಿಳಾಸ, ಯಾವುದು ಯಾವ ಯುಪಿಎಸ್‌ಗೆ, ಯುಪಿಎಸ್ ಬ್ಯಾಟರಿ ಹಾಕಿದ ತಿಂಗಳು, ನಾಣ್ಯದ ಬ್ಯಾಟರಿ ಹಾಕಿದ ತಿಂಗಳು, ಹೆಚ್ಚುವರಿ ಸ್ವಿಚ್ ಇರುವ ಡ್ರಾಯರ್, ಕೊನೆಯ ಸಲ ವೈರ್ ಕಿತ್ತು ನೋಡಿದ ದಿನಾಂಕ. ಕೊನೆಯ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ, ಎರಡು ತಿಂಗಳಿಗೊಮ್ಮೆ ಅಳಿಸಿ ತಿದ್ದಬೇಕಲ್ಲ.